ವಿಜ್ಞಾನಕಥೆಗೆ ಲೆಕ್ಕ ಕೇಳೋಣ

ಪಾಠ ಬೇರೆ, ಕಥೆ ಬೇರೆ. ಒಂದು ಶ್ರಮ, ಇನ್ನೊಂದು ವಿನೋದ. ಒಂದಕ್ಕೆ ಸಲ್ಲಬೇಕಾದ ಹೊತ್ತನ್ನು ಇನ್ನೊಂದು ಕದಿಯುತ್ತದೆ ಎಂಬ ಭಾವನೆ ನಮ್ಮ ಶಾಲೆಗಳಲ್ಲಿ ಬಹಳ ಹಿಂದಿನಿಂದ ಬೇರೂರಿದೆ. ವಿಜ್ಞಾನದ ಪುಸ್ತಕದ ಮರೆಯಲ್ಲಿ ಕಥೆಪುಸ್ತಕವನ್ನಿಟ್ಟುಕೊಂಡು ಓದುವ ಹುಡುಗನನ್ನು ಉಪಾಧ್ಯಾಯರು ಗದರಿಸುವುದೂ ಇದರಿಂದಲೇ. ಆದರೆ ಕಥೆಗಳಲ್ಲಿ ಒಂದು ಪ್ರತ್ಯೇಕ ಜಾತಿಯುಂಟು. ಚಂದ್ರಲೋಕಕ್ಕೆ ಹೊರಟವರ ಕಥೆ, ಕಣ್ಣಿಗೆ ಕಾಣದಂತಾದ ಮನುಷ್ಯನ ಕಥೆ, ಸಮುದ್ರದ ತಳದಲ್ಲಿ ಸಂಚರಿಸುವ ನಾವೆಯ ಕಥೆ ಮೊದಲಾದ ಇವನ್ನು ವಿಜ್ಞಾನಕಥೆಗಳೆಂದು ಕರೆಯುತ್ತೇವೆ. ಇಂತಹ ಕಥೆಗಳನ್ನು ಮರೆಯಿಂದ ಮೇಜಿನ ಮೇಲಕ್ಕೆ ತಂದು ವಿಜ್ಞಾನದ ಪಾಠಕ್ಕೇ ಬಳಸಿಕೊಳ್ಳಬಹುದೇ ಎಂಬುದು ಇಲ್ಲಿ ನಾವು ವಿಚಾರಿಸಹೊರಟಿರುವ ಪ್ರಶ್ನೆ. ಬಳಸಿಕೊಳ್ಳಬಹುದು, ಆದರೆ ಒಂದು ನಿಬಂಧನೆಯಿದೆ. ಕಥೆಯನ್ನು ಓದಿ ಸಂತೋಷಪಟ್ಟು ಮುಚ್ಚಿಡಬಾರದು. ಅದಕ್ಕೆ ಲೆಕ್ಕ ಕೇಳಬೇಕು.

ಹಾಸನ ಜಿಲ್ಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 2019ರ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶದಲ್ಲಿ ಈ ಜಿಲ್ಲೆ ರಾಜ್ಯಕ್ಕೇ ಮೊದಲನೆಯದಾಗಿ ಬಂದಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪ್ರೌಢಶಾಲೆಗಳಿಗೆ ಸುತ್ತಲಿನ ಹಳ್ಳಿಗಳಿಂದ ಬರುವ ಮಕ್ಕಳು ಪರೀಕ್ಷೆಗೆ ಚೆನ್ನಾಗಿ ಓದಬಲ್ಲರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪರೀಕ್ಷೆಯ ಪ್ರಶ್ನೆಗೆ ಒಂದು ಸ್ವಭಾವವುಂಟು: ಅದು ಯಾವ ಪಾಠದಿಂದ ಬಂದಿದೆಯೆಂಬುದು ನೋಡಿದೊಡನೆ ತಿಳಿಯುತ್ತದೆ. 'ಒಂದು ಕಾಯವು ಇಷ್ಟು ವೇಗೋತ್ಕರ್ಷದಿಂದ' ಎಂದು ಆರಂಭವಾದೊಡನೆಯೇ ಯಾವ ಸೂತ್ರವನ್ನು ಹಾಕಬೇಕೆಂಬುದು ವಿದ್ಯಾರ್ಥಿಗೆ ಗೊತ್ತು. ಲೋಕದಲ್ಲಿ ಪ್ರಶ್ನೆಗಳು ಹೀಗೆ ಹಣೆಪಟ್ಟಿ ಕಟ್ಟಿಕೊಂಡು ಬರುವುದಿಲ್ಲ. ಕಥೆಯಲ್ಲಿಯೂ ಬರುವುದಿಲ್ಲ. ಫಿರಂಗಿಯಿಂದ ಮನುಷ್ಯರನ್ನು ಚಂದ್ರನೆಡೆಗೆ ಹಾರಿಸಿದರೆಂದು ಕಥೆ ಹೇಳುತ್ತದೆಯೇ ಹೊರತು, ಅಲ್ಲಿ ಚಲನೆಯ ಸಮೀಕರಣವೊಂದು ಅಡಗಿದೆಯೆಂದು ಹೇಳುವುದಿಲ್ಲ. ಅದನ್ನು ಗುರುತಿಸುವ ಕೆಲಸ ಓದುವವನದು. ಸೂತ್ರವನ್ನು ಬಾಯಿಪಾಠ ಮಾಡಿದವನಿಗೂ ಅದನ್ನು ಸ್ವಂತ ಮಾಡಿಕೊಂಡವನಿಗೂ ಇರುವ ಅಂತರ ಇಲ್ಲಿಯೇ ಬಯಲಾಗುವುದು.

ಒಂದು ಸಾಲ, ಉಳಿದುದಕ್ಕೆಲ್ಲ ಲೆಕ್ಕ

ಪಂಚತಂತ್ರದಲ್ಲಿ ಸಿಂಹವೂ ನರಿಯೂ ಮಾತನಾಡುತ್ತವೆ. ಅವುಗಳ ಕೊರಳಿನಲ್ಲಿ ಮಾತು ಹುಟ್ಟಿದ್ದು ಹೇಗೆಂದು ಯಾರೂ ಕೇಳುವುದಿಲ್ಲ. ಕೇಳಿದರೆ ಕಥೆಯ ಸ್ವಾರಸ್ಯವೇ ಕೆಡುತ್ತದೆ. ವಿಜ್ಞಾನಕಥೆಯ ಕಟ್ಟಳೆ ಬೇರೆ. ಅಲ್ಲಿ ಕಥೆಗಾರನು ಓದುಗರಿಂದ ಒಂದು ಅಸಂಭವವನ್ನು ಸಾಲವಾಗಿ ಕೇಳಿ ಪಡೆಯುತ್ತಾನೆ. 'ಇಂತಹ ಫಿರಂಗಿಯೊಂದು ಇದ್ದಿತೆಂದು ಒಪ್ಪಿಕೊಳ್ಳಿ' ಎನ್ನುತ್ತಾನೆ. ನಾವು ಒಪ್ಪಿಕೊಂಡ ಮೇಲೆ, ಮುಂದೆ ನಡೆಯುವುದೆಲ್ಲವೂ ಪ್ರಕೃತಿಯ ನಿಯಮಗಳಂತೆಯೇ ನಡೆಯಬೇಕು. ನಡೆಯದಿದ್ದಲ್ಲಿ ಕಥೆಗಾರನು ಲೆಕ್ಕ ತಪ್ಪಿದನೆಂದೇ ಅರ್ಥ. ತರಗತಿಗೆ ಉಪಯೋಗವಾಗುವುದು ಕಥೆಯ ಈ ಎರಡು ಸ್ಥಾನಗಳು: ಸಾಲ ತೆಗೆದುಕೊಂಡ ಸ್ಥಾನ, ಲೆಕ್ಕ ತಪ್ಪಿದ ಸ್ಥಾನ.

ಶಾಲೆಯ ಉಪಾಧ್ಯಾಯನಿಗೂ ವಿಜ್ಞಾನಕಥೆಗೂ ನಂಟು ಹೊಸದೇನಲ್ಲ. ಇಂಗ್ಲೆಂಡಿನ ಎಚ್. ಜಿ. ವೆಲ್ಸನು ಕೆಲವು ವರ್ಷ ಉಪಾಧ್ಯಾಯನಾಗಿದ್ದವನು. ಕಾದಂಬರಿಗಳಿಗೆ ಮುಂಚೆ, 1893ರಲ್ಲಿ, ಜೀವಶಾಸ್ತ್ರದ ಪಠ್ಯಪುಸ್ತಕವೊಂದನ್ನು ಬರೆದವನು. ರಾಕೆಟ್ಟಿನ ಗಣಿತವನ್ನು ಮೊದಲು ರೂಪಿಸಿದವರಲ್ಲೊಬ್ಬನಾದ ರಷ್ಯದ ತ್ಸಿಯೋಲ್ಕೋವ್‌ಸ್ಕಿ ಕಲೂಗ ಎಂಬ ಊರಿನಲ್ಲಿ ಶಾಲಾಮಾಸ್ತರನಾಗಿದ್ದನು. ಆಕಾಶಯಾನದ ಕಥೆಗಳನ್ನೂ ಬರೆದನು. ಅದೇ ಶಾಸ್ತ್ರದ ಇನ್ನೊಬ್ಬ ಮೂಲಪುರುಷನಾದ ಹರ್ಮನ್ ಓಬರ್ತನೂ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದವನೇ. ವಿಜ್ಞಾನಕಥೆಗಳ ಪ್ರಸಂಗಗಳನ್ನೆತ್ತಿಕೊಂಡು ಭೌತಶಾಸ್ತ್ರವನ್ನು ವಿವರಿಸುವ ಪದ್ಧತಿಯನ್ನು ರಷ್ಯದ ಯಾಕೊವ್ ಪೆರೆಲ್ಮನ್ ಎಂಬ ಲೇಖಕನು 1913ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಸೊಗಸಾಗಿ ತೋರಿಸಿಕೊಟ್ಟನು. ಆ ದಾರಿಯಲ್ಲಿ ನಾವೂ ಕೆಲವು ಹೆಜ್ಜೆ ನಡೆದು ನೋಡೋಣ.

ಹಾಸನದ ಮೇಲಿನ ಆಕಾಶ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಇದು 1982ರಲ್ಲಿ ಸ್ಥಾಪಿತವಾಯಿತು. ಮುಂದೆ 2005ರಲ್ಲಿ ಭೋಪಾಲದಲ್ಲಿ ಇನ್ನೊಂದು ಕೇಂದ್ರವಾಗುವವರೆಗೆ, ಇನ್ಸಾಟ್ ಉಪಗ್ರಹಗಳನ್ನು ಅವುಗಳ ಸ್ಥಾನದಲ್ಲಿ ನಿಲ್ಲಿಸಿ ಕಾಯುವ ಹೊಣೆಯೆಲ್ಲ ಇಲ್ಲಿಂದಲೇ ನಿರ್ವಹಿಸಲ್ಪಡುತ್ತಿದ್ದಿತು. ಅಲ್ಲಿನ ದೊಡ್ಡ ಬೋಗುಣಿಯಂತಹ ಆಂಟೆನಾಗಳು ನೋಡುತ್ತಿರುವುದು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಭೂಸ್ಥಿರ ಕಕ್ಷೆಯನ್ನು. ಅಲ್ಲಿರುವ ಉಪಗ್ರಹ ಭೂಮಿ ತಿರುಗುವಷ್ಟೇ ಹೊತ್ತಿನಲ್ಲಿ ಒಂದು ಸುತ್ತು ಬರುವುದರಿಂದ ನಮಗೆ ಒಂದೇ ಕಡೆ ನಿಂತಂತೆ ತೋರುತ್ತದೆ.

ಈ ಕಕ್ಷೆಯ ಚರಿತ್ರೆ ಸ್ವಾರಸ್ಯವಾಗಿದೆ. ಮನುಷ್ಯನು ಮಾಡಿದ ಚಂದ್ರನೊಂದು ಭೂಮಿಯನ್ನು ಸುತ್ತುವ ಕಲ್ಪನೆಯನ್ನು ಎಡ್ವರ್ಡ್ ಎವರೆಟ್ ಹೇಲ್ ಎಂಬ ಅಮೆರಿಕದ ಕಥೆಗಾರನು 1869ರಷ್ಟು ಹಿಂದೆಯೇ ಬರೆದನು. ಅವನ ಚಂದ್ರ ಇಟ್ಟಿಗೆಯದು, ಹಡಗಿನವರಿಗೆ ದಾರಿ ತೋರುವುದು ಅದರ ಕೆಲಸ. ಭೂಮಿಯೊಡನೆ ಸಮವಾಗಿ ತಿರುಗುವ ಆಕಾಶನಿಲ್ದಾಣವನ್ನು ಪೊಟೊಚ್ನಿಕ್ ಎಂಬ ಎಂಜಿನಿಯರನು 1920ರ ದಶಕದ ಕೊನೆಯಲ್ಲಿ ವರ್ಣಿಸಿದನು. 1945ರ ಅಕ್ಟೋಬರಿನಲ್ಲಿ, ಮುಂದೆ ವಿಜ್ಞಾನಕಥೆಗಾರನೆಂದು ಲೋಕಪ್ರಸಿದ್ಧನಾದ ಆರ್ಥರ್ ಸಿ. ಕ್ಲಾರ್ಕನು 'ವೈರ್‌ಲೆಸ್ ವರ್ಲ್ಡ್' ಎಂಬ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಈ ಕಕ್ಷೆಯಲ್ಲಿ ಮೂರು ನಿಲ್ದಾಣಗಳನ್ನಿಟ್ಟರೆ ಭೂಮಂಡಲಕ್ಕೆಲ್ಲ ರೇಡಿಯೋ ಸಂಪರ್ಕ ಒದಗಿಸಬಹುದೆಂದು ಲೆಕ್ಕ ಹಾಕಿ ತೋರಿಸಿದನು. ಅದು ಕಥೆಯಲ್ಲ, ಲೇಖನವೇ; ಆದರೆ ಬರೆದ ಮನಸ್ಸು ಕಥೆಗಾರನದು. 1964ರಲ್ಲಿ ಸಿಂಕಾಮ್-3 ಎಂಬ ಉಪಗ್ರಹ ಆ ಸ್ಥಾನವನ್ನು ಸೇರಿತು.

ಕ್ಲಾರ್ಕನ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲನು. ಕೆಪ್ಲರನ ಮೂರನೆಯ ನಿಯಮದಂತೆ, ಒಂದೇ ಕೇಂದ್ರವನ್ನು ಸುತ್ತುವ ಕಾಯಗಳಲ್ಲಿ ಸುತ್ತುವ ಕಾಲದ ವರ್ಗವು ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಭೂಮಿಗೆ ಈಗಾಗಲೇ ಒಂದು ಉಪಗ್ರಹವಿದೆ, ಅದೇ ಚಂದ್ರ. ಅದರ ದೂರ ಸುಮಾರು 3,84,000 ಕಿಲೋಮೀಟರು. ಸುತ್ತುವ ಕಾಲ 27.3 ದಿನ. ನಮಗೆ ಬೇಕಾದ ಉಪಗ್ರಹದ ಕಾಲ 1 ದಿನ. 27.3ರ ವರ್ಗ ಸುಮಾರು 745. ಇದರ ಘನಮೂಲ 9ಕ್ಕಿಂತ ತುಸು ಹೆಚ್ಚು, 9.07 ಎಂದಿಟ್ಟುಕೊಳ್ಳಬಹುದು. ಚಂದ್ರನ ದೂರವನ್ನು 9.07ರಿಂದ ಭಾಗಿಸಿದರೆ ಸುಮಾರು 42,400 ಬರುತ್ತದೆ. ಇದು ಭೂಕೇಂದ್ರದಿಂದ ಅಳೆದ ದೂರವಾದುದರಿಂದ ಭೂಮಿಯ ತ್ರಿಜ್ಯ 6,400 ಕಿಲೋಮೀಟರನ್ನು ಕಳೆಯಬೇಕು. ಉಳಿಯುವುದು 36,000. ಚಂದ್ರನ ದೂರವೂ ತಿಂಗಳ ಲೆಕ್ಕವೂ ತಿಳಿದಿದ್ದರೆ ಸಾಕು, ಹಾಸನದ ಆಂಟೆನಾ ಎಷ್ಟು ದೂರ ನೋಡುತ್ತಿದೆಯೆಂದು ಹೇಳಿಬಿಡಬಹುದು!

ಲೆಕ್ಕಕ್ಕೆ ಸಾಕ್ಷಿಯೂ ಹತ್ತಿರದಲ್ಲೇ ಇದೆ. ಅರಕಲಗೂಡಿನ ಮನೆಯ ಮಾಳಿಗೆಯ ಮೇಲಿರುವ ದೂರದರ್ಶನದ ಡಿಶ್, ಚನ್ನರಾಯಪಟ್ಟಣದ ಅಂಥದೇ ಡಿಶ್, ಹೊಳೆನರಸೀಪುರದ್ದು, ಹಾಸನದ್ದು ಎಲ್ಲವೂ ಬಹುಮಟ್ಟಿಗೆ ಒಂದೇ ದಿಕ್ಕಿಗೆ, ಒಂದೇ ಓರೆಯಲ್ಲಿ ನಿಂತಿರುವುದನ್ನು ನಮ್ಮ ವಾಚಕರು ಗಮನಿಸಬಹುದು. ಈ ಊರುಗಳು ಹಾಸನದಿಂದ ಹೆಚ್ಚೆಂದರೆ 40 ಕಿಲೋಮೀಟರಿನಷ್ಟು ದೂರ. ಉಪಗ್ರಹದ ದೂರದ ಮುಂದೆ ಅದು ಸಾವಿರದಲ್ಲಿ ಒಂದು ಪಾಲು. ಕೋನದ ವ್ಯತ್ಯಾಸ ಬರಿಗಣ್ಣಿಗೆ ತಿಳಿಯದು. ಫ್ರೀ ಡಿಶ್ ಸೇವೆಯ ಜಿಸ್ಯಾಟ್-15 ಉಪಗ್ರಹ ಪೂರ್ವ ರೇಖಾಂಶ 93.5ರಲ್ಲಿದೆ, ಹಾಸನವಿರುವುದು 76ರಲ್ಲಿ. ಆದುದರಿಂದ ಆ ಡಿಶ್ಶುಗಳು ಆಗ್ನೇಯದ ಕಡೆಗೆ, ದಿಗಂತದಿಂದ ಸುಮಾರು 65 ಅಂಶ ಮೇಲಕ್ಕೆ ನೋಡಬೇಕು. ತಟ್ಟೆ ಅಷ್ಟು ಮೇಲಕ್ಕೆ ತಿರುಗಿದಂತೆ ಕಾಣುವುದಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಸಣ್ಣ ಡಿಶ್ಶಿನ ಬಾಗು ಪೂರ್ಣ ಬೋಗುಣಿಯ ಒಂದು ಪಕ್ಕದ ತುಂಡು. ಅಲೆಗಳು ಓರೆಯಾಗಿ ಬಂದು ಬಿದ್ದು ಕೆಳಗಿನ ಕೈಯ ತುದಿಯಲ್ಲಿ ಕೂಡುತ್ತವೆ.

ಕ್ಲಾರ್ಕನು ಎಲ್ಲಿ ತಪ್ಪಿದನು? ಅವನು ಬಗೆದದ್ದು ಕೆಲಸಗಾರರ ವಸತಿಗೂ ಎಡೆಯಿರುವ ದೊಡ್ಡ ನಿಲ್ದಾಣಗಳನ್ನು. ಟ್ರಾನ್ಸಿಸ್ಟರು ಬಂದದ್ದು 1947ರಲ್ಲಿ; ಯಂತ್ರಗಳು ಕಿರಿದಾಗಿ, ಕಾವಲಿಗೆ ಮನುಷ್ಯರಿಲ್ಲದೆಯೇ ನಡೆಯಬಲ್ಲವೆಂದು ಅವನಿಗೆ ತೋರಲಿಲ್ಲ. ಪ್ರಕೃತಿಯ ನಿಯಮದಿಂದ ಬಂದ ಲೆಕ್ಕ ನಿಂತಿತು. ಮನುಷ್ಯನ ಯಂತ್ರಕೌಶಲವನ್ನು ಕುರಿತ ಊಹೆ ಬಿದ್ದಿತು. ಇವೆರಡರ ಭೇದವನ್ನರಿಯುವುದು ವಿಜ್ಞಾನಶಿಕ್ಷಣದ ಒಂದು ದೊಡ್ಡ ಪ್ರಯೋಜನ. ಮೇಲೆ ನಿಂತ ಉಪಗ್ರಹ ತಾನಾಗಿ ನಿಂತಿರುವುದೂ ಇಲ್ಲ. ಸೂರ್ಯಚಂದ್ರರ ಸೆಳೆತ ಅದನ್ನು ಅಲುಗಿಸುತ್ತಲೇ ಇರುತ್ತದೆ. ಹಾಸನದಿಂದ ಆಜ್ಞೆ ಕಳುಹಿಸಿ, ಇಂಧನವನ್ನು ಸ್ವಲ್ಪ ಸ್ವಲ್ಪವಾಗಿ ಉರಿಸಿ ತಿದ್ದುತ್ತಿರಬೇಕು. 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಈ ಇಂಧನ ಬರಿದಾಗಿ ಅದೇ ಸೆಪ್ಟೆಂಬರಿನಲ್ಲಿ ಕೈಬಿಟ್ಟುಹೋಯಿತು. 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ಹಲವು ವರ್ಷ ದೇಶದ ಸೇವೆ ಮಾಡಿತು.

ಫಿರಂಗಿಯಲ್ಲಿ ಚಂದ್ರಯಾನ

ಫ್ರಾನ್ಸಿನ ಜೂಲ್ಸ್ ವರ್ನನು 1865ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ 900 ಅಡಿ ಉದ್ದದ ಫಿರಂಗಿಯೊಂದನ್ನು ನೆಲದಲ್ಲಿ ಎರಕ ಹೊಯ್ದು, ಅದರೊಳಗಿನಿಂದ ಮೂವರು ಪ್ರಯಾಣಿಕರಿರುವ ಗುಂಡನ್ನು ಚಂದ್ರನೆಡೆಗೆ ಹಾರಿಸುತ್ತಾರೆ. ಗುಂಡಿನ ವೇಗ ಸೆಕೆಂಡಿಗೆ 12,000 ಗಜ, ಅಂದರೆ ಸುಮಾರು 11 ಕಿಲೋಮೀಟರು. ಈ ಅಂಕೆಯನ್ನು ವರ್ನನು ಸರಿಯಾಗಿಯೇ ಆರಿಸಿದ್ದಾನೆ. ಭೂಮಿಯ ಸೆಳೆತದಿಂದ ಪಾರಾಗಲು ಬೇಕಾದ ವೇಗ ಅಷ್ಟೇ. ಇನ್ನು ಲೆಕ್ಕ ಕೇಳೋಣ. ನಿಂತಲ್ಲಿಂದ ಹೊರಟು 900 ಅಡಿಯ, ಎಂದರೆ 274 ಮೀಟರಿನ, ದೂರದೊಳಗೆ ಈ ವೇಗ ಬರಬೇಕು. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ವೇಗೋತ್ಕರ್ಷ ದೊರೆಯುತ್ತದೆ. 11,000ದ ವರ್ಗ 12 ಕೋಟಿ 10 ಲಕ್ಷ, ಭಾಜಕ 548. ಉತ್ತರ ಸುಮಾರು 2,20,000. ಇದು ಗುರುತ್ವದ ವೇಗೋತ್ಕರ್ಷದ 22,500ರಷ್ಟು! 60 ಕಿಲೋಗ್ರಾಂ ತೂಕದ ಮನುಷ್ಯನು ಆ ಗಳಿಗೆಯಲ್ಲಿ 1,350 ಟನ್ನು ತೂಗುವನು. ಫಿರಂಗಿಯ ಬಾಯಿಯಿಂದ ಗುಂಡು ಹೊರಬೀಳುವ ಮೊದಲೇ ಕಥೆ ಮುಗಿದುಹೋಗಬೇಕಾಗಿದ್ದಿತು.

ತರಗತಿ ಇಲ್ಲಿಗೇ ನಿಲ್ಲಬಾರದು. ಹಾಗಾದರೆ ಎಷ್ಟು ಉದ್ದದ ಫಿರಂಗಿ ಬೇಕು ಎಂದು ಮುಂದೆ ಕೇಳಬೇಕು. ಗುರುತ್ವದ ಮೂರರಷ್ಟು ವೇಗೋತ್ಕರ್ಷವನ್ನು ಮನುಷ್ಯನು ತಡೆದುಕೊಳ್ಳಬಲ್ಲನು. ಅದೇ ಸೂತ್ರವನ್ನು ತಿರುಗಿಸಿ ಹಾಕಿದರೆ ಸುಮಾರು 2,000 ಕಿಲೋಮೀಟರು ಬರುತ್ತದೆ. ಹಾಸನದಿಂದ ದೆಹಲಿಗೆ ನೆಟ್ಟಗೆ ಗೆರೆಯೆಳೆದರೂ ಅಷ್ಟು ದೂರವಿಲ್ಲ. ಅಂತಹ ಕೊಳವೆಯನ್ನು ಕಟ್ಟಲಾಗದು. ಆದರೆ ನೂಕುವ ಶಕ್ತಿಯನ್ನು ವಾಹನವೇ ತನ್ನೊಡನೆ ಹೊತ್ತುಕೊಂಡು ಹೋದರೆ ಕೊಳವೆಯೇ ಬೇಕಾಗಿಲ್ಲ. ಅದೇ ರಾಕೆಟ್ಟು. ಬಾಲ್ಯದಲ್ಲಿ ವರ್ನನನ್ನು ಓದಿದ ಓಬರ್ತನು ಈ ಲೆಕ್ಕಗಳನ್ನು ತಾನೇ ಪರೀಕ್ಷಿಸುತ್ತ ರಾಕೆಟ್ಟಿನ ಶಾಸ್ತ್ರಕ್ಕೆ ಬಂದು ಸೇರಿದನು. ಕಥೆ ಅವನಿಗೆ ಉತ್ತರ ಕೊಡಲಿಲ್ಲ, ಪ್ರಶ್ನೆ ಕೊಟ್ಟಿತು.

ಅದೇ ಪ್ರಯಾಣದ ಕಥೆಯಲ್ಲಿ ಇನ್ನೊಂದು ಸೂಕ್ಷ್ಮವುಂಟು. ಸತ್ತ ನಾಯಿಯೊಂದನ್ನು ಪ್ರಯಾಣಿಕರು ಹೊರಕ್ಕೆ ಎಸೆಯುತ್ತಾರೆ. ಅದು ಗುಂಡಿನ ಪಕ್ಕದಲ್ಲೇ ಸಾಗಿಬರುತ್ತದೆ. ಇದು ಸರಿ. ಆದರೆ ಒಳಗಿನವರಿಗೆ ಮಾತ್ರ ದಾರಿಯುದ್ದಕ್ಕೂ ತೂಕವಿದ್ದು, ಭೂಮಿ ಮತ್ತು ಚಂದ್ರರ ಸೆಳೆತ ಸಮವಾಗುವ ಒಂದು ಸ್ಥಾನದಲ್ಲಷ್ಟೇ ಅದು ಇಲ್ಲವಾಗುತ್ತದೆಂದು ವರ್ನನು ಬರೆದಿದ್ದಾನೆ. ಹೊರಗಿನ ನಾಯಿಗೊಂದು ನಿಯಮ, ಒಳಗಿನ ಮನುಷ್ಯರಿಗೊಂದು ನಿಯಮವೇ? ಗುಂಡೂ ಅದರೊಳಗಿರುವವರೂ ಸಮವಾಗಿ ಮುಕ್ತಪತನದಲ್ಲಿರುವುದರಿಂದ, ವಾತಾವರಣವನ್ನು ದಾಟಿದಂದಿನಿಂದಲೇ ಅವರೆಲ್ಲರೂ ತೂಕವಿಲ್ಲದವರಾಗಿ ತೇಲುತ್ತಿರಬೇಕು. ಗುರುತ್ವವಿಲ್ಲದುದರಿಂದ ತೂಕವಿಲ್ಲವೆಂಬ ತಪ್ಪು ತಿಳಿವಳಿಕೆಯನ್ನು ಕಳೆಯಲು ಈ ನಾಯಿಗಿಂತ ಒಳ್ಳೆಯ ಉಪಕರಣ ಸಿಕ್ಕುವುದು ಕಷ್ಟ.

ಕಾಣದವನಿಗೆ ಕಾಣುವುದೇ?

ವೆಲ್ಸನು 1897ರಲ್ಲಿ ಬರೆದ ಅದೃಶ್ಯ ಮನುಷ್ಯನ ಕಥೆ ಬೆಳಕಿನ ಪಾಠಕ್ಕೆ ಒದಗುತ್ತದೆ. ಗಾಜು ನಮಗೆ ಕಾಣುವುದು ಗಾಳಿಗೂ ಅದಕ್ಕೂ ವಕ್ರೀಭವನ ಸೂಚ್ಯಂಕ ಬೇರೆಯಾಗಿರುವುದರಿಂದ. ಗಾಜಿನ ಕಡ್ಡಿಯನ್ನು ಗ್ಲಿಸರಿನ್ನಿನಲ್ಲಿ ಅದ್ದಿದರೆ ಎರಡರ ಸೂಚ್ಯಂಕಗಳು ಹತ್ತಿರ ಹತ್ತಿರವಿರುವುದರಿಂದ ಮುಳುಗಿದ ಭಾಗ ಬಹುಮಟ್ಟಿಗೆ ಮರೆಯಾಗುತ್ತದೆ. ಈ ಪ್ರಯೋಗವನ್ನು ಯಾವ ಶಾಲೆಯಲ್ಲಾದರೂ ಮಾಡಬಹುದು. ದೇಹದ ಸೂಚ್ಯಂಕವನ್ನು ಗಾಳಿಯ ಸೂಚ್ಯಂಕಕ್ಕೆ ಸಮ ಮಾಡಿದೆನೆಂಬುದು ವೆಲ್ಸನ ನಾಯಕನು ತೆಗೆದುಕೊಂಡ ಸಾಲ. ಕೊಟ್ಟೆವೆನ್ನೋಣ. ಆಗ ಅವನ ಕಣ್ಣಿನ ಮಸೂರವೂ ಗಾಳಿಯಂತೆಯೇ ಆಗಿ ಬೆಳಕನ್ನು ಬಾಗಿಸಲಾರದು. ಅಕ್ಷಿಪಟವೂ ಪಾರದರ್ಶಕವಾಗಿ ಬೆಳಕನ್ನು ಹೀರಲಾರದು. ಹೀರದಿದ್ದರೆ ನೋಟವಿಲ್ಲ. ಯಾರಿಗೂ ಕಾಣದವನು ತಾನೂ ಏನನ್ನೂ ಕಾಣಲಾರನು! ಪೆರೆಲ್ಮನ್ ಎತ್ತಿ ತೋರಿಸಿದ ತೊಡಕು ಇದು. ಕಥೆಯಲ್ಲಿ ಮೊದಲು ಪ್ರಯೋಗಕ್ಕೆ ಸಿಕ್ಕ ಬೆಕ್ಕಿನ ದೇಹವೆಲ್ಲ ಮಾಯವಾದರೂ ಕಣ್ಣುಗಳ ಛಾಯೆ ಉಳಿಯುತ್ತದೆ. ಜೀವಶಾಸ್ತ್ರ ಬಲ್ಲ ವೆಲ್ಸನಿಗೆ ತೊಡಕಿನ ಸುಳಿವು ಇದ್ದಿರಬೇಕು.

ಹತ್ತು ಪಟ್ಟು ಎತ್ತರದವನು

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, 10ನೆಯ ಶತಮಾನದ ಕೊನೆಯ ಭಾಗದಲ್ಲಿ ಚಾವುಂಡರಾಯನು ಮಾಡಿಸಿದ ಗೊಮ್ಮಟೇಶ್ವರನ ಮೂರ್ತಿಯ ಎತ್ತರ ಸುಮಾರು 57 ಅಡಿ. ಸಾಮಾನ್ಯ ಮನುಷ್ಯನ ಹತ್ತರಷ್ಟು. ಕಥೆಗಳಲ್ಲಿ ಇಷ್ಟು ಎತ್ತರದ ಮಾನವರು ನಡೆದಾಡುತ್ತಾರೆ. ಸ್ವಿಫ್ಟನು 1726ರಲ್ಲಿ ಗಲಿವರನನ್ನು ಕಳುಹಿಸಿದ ಒಂದು ದೇಶದವರು ಸರಿಸುಮಾರು ಹನ್ನೆರಡು ಪಟ್ಟು ದೊಡ್ಡವರು. ಅವರು ನಡೆಯಬಲ್ಲರೇ? ಎತ್ತರ, ಅಗಲ, ದಪ್ಪ ಮೂರೂ ಹತ್ತು ಪಟ್ಟಾದರೆ ದೇಹದ ತೂಕ ಸಾವಿರ ಪಟ್ಟಾಗುತ್ತದೆ. ತೂಕವನ್ನು ಹೊರುವ ಕಾಲಿನ ಮೂಳೆಯ ಅಡ್ಡಕೊಯ್ತ ಮಾತ್ರ ನೂರು ಪಟ್ಟು. ಹೀಗೆ ಮೂಳೆಯ ಪ್ರತಿ ಚದರ ಅಂಗುಲದ ಮೇಲೆ ಹತ್ತು ಪಟ್ಟು ಒತ್ತಡ ಬೀಳುತ್ತದೆ. ಗೆಲಿಲಿಯೋ 1638ರಲ್ಲಿಯೇ ಇದನ್ನು ವಿವರಿಸಿದನು. ಮುಂದೆ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರು 1926ರ ತಮ್ಮ ಪ್ರಬಂಧವೊಂದರಲ್ಲಿ, ಮನುಷ್ಯನ ತೊಡೆಮೂಳೆ ಅವನ ತೂಕದ ಹತ್ತರಷ್ಟು ಹೊರೆಗೆ ಮುರಿಯುವುದರಿಂದ ಅಂತಹ ದೈತ್ಯನು ಒಂದೊಂದು ಹೆಜ್ಜೆಗೂ ಕಾಲು ಮುರಿದುಕೊಳ್ಳುವನೆಂದು ತೋರಿಸಿದರು. ಬೆಟ್ಟದ ಬಂಡೆಯಲ್ಲಿಯೇ ಕಡೆದ ಮೂರ್ತಿ ಸಾವಿರ ವರ್ಷದಿಂದ ನಿಂತಿದೆ. ಎಲುಬಿನ ದೇಹಕ್ಕಾದರೆ ಅದು ಸಾಧ್ಯವಿಲ್ಲ. ಆನೆಯ ಕಾಲು ಕಂಬದಂತೆಯೂ ಜಿಂಕೆಯ ಕಾಲು ಕಡ್ಡಿಯಂತೆಯೂ ಇರುವುದೇಕೆಂಬುದು ಇನ್ನು ವಿದ್ಯಾರ್ಥಿಗೆ ತಾನೇ ಹೊಳೆಯುತ್ತದೆ.

ಒಂದು ಸೀಸೆ ತಲೆಯೆಣ್ಣೆ

ನಮ್ಮ ದೇಶದಲ್ಲಿ ವಿಜ್ಞಾನಿಯೊಬ್ಬರೇ ಬರೆದ ಕಥೆಯೂ ಇದೆ. ಜಗದೀಶಚಂದ್ರ ಬೋಸರು 1896ರಲ್ಲಿ ತಲೆಯೆಣ್ಣೆಯ ತಯಾರಕರೊಬ್ಬರು ಏರ್ಪಡಿಸಿದ್ದ ಸ್ಪರ್ಧೆಗಾಗಿ ಬಂಗಾಳಿಯಲ್ಲಿ ಬರೆದು ಬಹುಮಾನ ಪಡೆದ ಕಥೆಯಲ್ಲಿ, ಹಡಗಿನಿಂದ ಒಂದು ಸೀಸೆ ಎಣ್ಣೆಯನ್ನು ಸಮುದ್ರಕ್ಕೆ ಸುರಿದಾಗ ಬರುತ್ತಿದ್ದ ಬಿರುಗಾಳಿಯೇ ಅಡಗಿಹೋಗುತ್ತದೆ. ಇದು ಬರಿಯ ಹಾಸ್ಯವೆ? ಎಣ್ಣೆ ನೀರಿನ ಸಣ್ಣ ಅಲೆಗಳನ್ನು ತಗ್ಗಿಸುವುದು ನಿಜ. ಬೆಂಜಮಿನ್ ಫ್ರಾಂಕ್ಲಿನನು ಲಂಡನ್ನಿನ ಬಳಿಯ ಕೊಳವೊಂದರಲ್ಲಿ ಒಂದು ಚಮಚೆಗೆ ಮೀರದ ಎಣ್ಣೆ ಅರ್ಧ ಎಕರೆ ನೀರನ್ನು ಕನ್ನಡಿಯಂತೆ ನಯ ಮಾಡಿದುದನ್ನು ಕಂಡು 1774ರಲ್ಲಿ ಪ್ರಕಟಿಸಿದನು.

ಇಲ್ಲಿ ಒಂದು ಸುಲಭವಾದ ಭಾಗಾಕಾರ ಅಡಗಿದೆ. ಚಮಚೆಯ ಎಣ್ಣೆ ಸುಮಾರು 5 ಮಿಲಿಲೀಟರು. ಅರ್ಧ ಎಕರೆ ಸುಮಾರು 2,000 ಚದರ ಮೀಟರು. ಭಾಗಿಸಿದರೆ ಎಣ್ಣೆಯ ಪದರದ ದಪ್ಪ ಒಂದು ಮಿಲಿಮೀಟರಿನ ನಾಲ್ಕು ಲಕ್ಷದಲ್ಲಿ ಒಂದು ಪಾಲು. ಎಣ್ಣೆ ಇದಕ್ಕಿಂತ ತೆಳ್ಳಗೆ ಹೆಚ್ಚಾಗಿ ಹರಡದು. ಏಕೆಂದರೆ ಇದು ಬಹುಮಟ್ಟಿಗೆ ಒಂದೇ ಅಣುವಿನ ದಪ್ಪ. ಫ್ರಾಂಕ್ಲಿನನು ಈ ಭಾಗಾಕಾರವನ್ನು ಮಾಡಲಿಲ್ಲ. ಲಾರ್ಡ್ ರೇಲಿ ಎಂಬ ಭೌತವಿಜ್ಞಾನಿ 1890ರಲ್ಲಿ ಇಂತಹ ಪದರದ ದಪ್ಪವನ್ನು ಅಳೆದನು. ಶಾಲೆಯಲ್ಲಿ ಕೆರೆಗೆ ಎಣ್ಣೆ ಸುರಿಯಬೇಕಾಗಿಲ್ಲ, ಸುರಿಯಲೂಬಾರದು. ಅಗಲವಾದ ತಟ್ಟೆಯ ಶುದ್ಧ ನೀರಿನ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ, ಸಣ್ಣ ತಂತಿಯ ತುದಿಯಿಂದ ಅರ್ಧ ಮಿಲಿಮೀಟರು ಅಗಲದ ಹರಳೆಣ್ಣೆಯ ಹನಿಯನ್ನು ಮುಟ್ಟಿಸಿದರೆ, ಪೌಡರು ಹಿಂದೆ ಸರಿದು ಒಂದು ಗೇಣಿನಷ್ಟು ಅಗಲದ ಬಯಲು ಮೂಡುವುದು. ಕಣ್ಣಿಗೆ ಕಾಣದ ಅಣುವಿನ ಅಳತೆ ಅಡುಗೆಮನೆಯ ತಟ್ಟೆಯಲ್ಲಿ ಸಿಕ್ಕಿತು.

ಇನ್ನು ಬಿರುಗಾಳಿಯ ಮಾತು. ಚಂಡಮಾರುತಕ್ಕೆ ಶಕ್ತಿ ಬರುವುದು ಬೆಚ್ಚಗಿನ ಸಮುದ್ರದಿಂದ ಎದ್ದ ಆವಿ ಮೇಲೇರಿ ಮೋಡವಾಗುವಾಗ ಬಿಡುವ ಉಷ್ಣದಿಂದ. ಅದು ನೂರಾರು ಕಿಲೋಮೀಟರು ಹಬ್ಬಿರುತ್ತದೆ. ಎಣ್ಣೆ ಕಿರುದೆರೆಗಳನ್ನು ಮಲಗಿಸಬಲ್ಲುದೇ ಹೊರತು ಬಿರುಗಾಳಿಯನ್ನಲ್ಲ. ಕಥೆ ಎಲ್ಲಿಯವರೆಗೆ ನಿಜ, ಎಲ್ಲಿಂದ ಮುಂದೆ ವಿನೋದ ಎಂಬ ಗೆರೆಯನ್ನು ವಿದ್ಯಾರ್ಥಿಯೇ ಎಳೆಯಲಿ.

ಕನ್ನಡದಲ್ಲಿ ಓದುವವರಿಗೆ

ಮೇಲಿನ ಕಥೆಗಳೆಲ್ಲ ಹೊರಗಿನವಾದುವಲ್ಲ ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದುದೇ. 2025ರಲ್ಲಿ ನಿಧನರಾದ ಖಗೋಳವಿಜ್ಞಾನಿ ಜಯಂತ ನಾರಳೀಕರರು ಮರಾಠಿಯಲ್ಲಿ ವಿಜ್ಞಾನಕಥೆಗಳನ್ನು ಬರೆದು ಹೆಸರಾದವರು. ಅವರ ಕಥೆಯೊಂದು ಎನ್.ಸಿ.ಇ.ಆರ್.ಟಿ.ಯ 11ನೆಯ ತರಗತಿಯ ಪಠ್ಯಕ್ಕೆ ಸೇರಿತು; ಆದರೆ ಸೇರಿದ್ದು ಇಂಗ್ಲಿಷ್ ಪಾಠಪುಸ್ತಕಕ್ಕೆ, ವಿಜ್ಞಾನದ ಪುಸ್ತಕಕ್ಕಲ್ಲ. ಕಥೆ ಭಾಷೆಯ ಮೇಷ್ಟರಿಗೆ, ನಿಯಮ ವಿಜ್ಞಾನದ ಮೇಷ್ಟರಿಗೆ ಎಂದು ಪಾಲಾಗಿರುವುದರಿಂದ ಎರಡೂ ಒಂದನ್ನೊಂದು ಸಂಧಿಸುವುದೇ ಇಲ್ಲ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಈ ಸಂಧಿಯ ಅವಶ್ಯಕತೆ ಇನ್ನೂ ಹೆಚ್ಚು. 'ವೇಗೋತ್ಕರ್ಷ', 'ವಕ್ರೀಭವನ' ಎಂಬ ಶಬ್ದಗಳು ಅವನಿಗೆ ಪಾಠಪುಸ್ತಕದಲ್ಲಲ್ಲದೆ ಬೇರೆಲ್ಲಿಯೂ ಎದುರಾಗುವುದಿಲ್ಲ. ಪರೀಕ್ಷೆ ಮುಗಿದೊಡನೆ ಅವು ಮರೆತುಹೋಗುತ್ತವೆ. ಕಥೆಯ ಬಾಯಲ್ಲಿ ಬಂದ ಶಬ್ದ ಮನೆಮಾತಾಗಿ ಉಳಿಯುತ್ತದೆ.

ಕನ್ನಡದಲ್ಲಿ ಸಾಮಗ್ರಿಯಿಲ್ಲವೆಂದಲ್ಲ. ರಾಜಶೇಖರ ಭೂಸನೂರಮಠ ಮೊದಲಾದವರು ವಿಜ್ಞಾನಕಥೆಗಳಿಗಾಗಿಯೇ ಲೇಖನಿ ಹಿಡಿದವರು. ಹಾಸನ ಜಿಲ್ಲೆಯ ನೆರೆಯ ಮೂಡಿಗೆರೆಯ ಕಾಡನ್ನು ಹಿನ್ನೆಲೆಯಾಗಿಟ್ಟು ಪೂರ್ಣಚಂದ್ರ ತೇಜಸ್ವಿಯವರು ಬರೆದ 'ಕರ್ವಾಲೊ' 1980ರಲ್ಲಿ ಪ್ರಕಟವಾಯಿತು. ಹಾರುವ ಓತಿಯನ್ನರಸುವ ಆ ಕಾದಂಬರಿಯಲ್ಲಿ, ಶಾಲೆಯ ವಿದ್ಯೆ ಹತ್ತದ ಹಳ್ಳಿಯ ಮಂದಣ್ಣನ ಕಣ್ಣಿನ ಚುರುಕನ್ನು ವಿಜ್ಞಾನಿ ಕರ್ವಾಲೊ ಗುರುತಿಸಿ ಗೌರವಿಸುತ್ತಾರೆ. ಪಶ್ಚಿಮ ಘಟ್ಟದ ಅಡಕೆತೋಟಗಳಲ್ಲಿ ಹಾರುವ ಓತಿ ನಿಜವಾಗಿಯೂ ಇದೆ. ಅದು ಹಕ್ಕಿಯಂತೆ ಹಾರುತ್ತದೆಯೇ, ಅಥವಾ ಹೊರಚಾಚಿದ ಪಕ್ಕೆಲುಬುಗಳ ನಡುವಣ ಚರ್ಮವನ್ನು ಬಿಚ್ಚಿ ಜಾರಿಳಿಯುತ್ತದೆಯೇ? ಕಾದಂಬರಿ ಅದಕ್ಕೆ ಕೊಡುವ ಪ್ರಾಚೀನತೆಯನ್ನು ಜೀವಶಾಸ್ತ್ರ ಎಷ್ಟು ಮಟ್ಟಿಗೆ ಒಪ್ಪುತ್ತದೆ? ವಿಕಾಸದ ಪಾಠಕ್ಕೆ ಇದಕ್ಕಿಂತ ಹತ್ತಿರದ ಬಾಗಿಲು ಬೇಕಿಲ್ಲ.

ತರಗತಿಯಲ್ಲಿ ಮಾಡುವುದು ಹೇಗೆ?

ಇಡೀ ಕಾದಂಬರಿಯನ್ನು ಓದಿಸಲು ಪೀರಿಯಡ್ಡಿನಲ್ಲಿ ಬಿಡುವಿಲ್ಲವೆಂಬುದು ನಿಜ, ಓದಿಸಬೇಕಾಗಿಯೂ ಇಲ್ಲ. ಒಂದೆರಡು ಪುಟದ ಪ್ರಸಂಗ ಸಾಕು. ಅದನ್ನು ಓದಿದ ಮೇಲೆ ಮೂರು ಪ್ರಶ್ನೆಗಳು. ಕಥೆಗಾರನು ತೆಗೆದುಕೊಂಡ ಸಾಲ ಯಾವುದು? ಆ ಸಾಲವನ್ನು ಕೊಟ್ಟ ಮೇಲೆ ಏನೇನು ನಡೆಯಬೇಕು, ಎಷ್ಟೆಷ್ಟು? ಕಥೆಯಲ್ಲಿ ನಡೆದುದಕ್ಕೂ ನಮ್ಮ ಲೆಕ್ಕಕ್ಕೂ ಎಲ್ಲಿ ವ್ಯತ್ಯಾಸ? ಎರಡನೆಯ ಪ್ರಶ್ನೆಯಲ್ಲಿ 'ಎಷ್ಟು' ಎಂಬುದು ಮುಖ್ಯ. ಅಂಕೆ ಹಾಕದೆ 'ಇದು ಅಸಾಧ್ಯ' ಎಂದು ತಳ್ಳಿಬಿಡುವ ವಿದ್ಯಾರ್ಥಿಗೂ, ಅಂಕೆ ಹಾಕದೆ 'ಮುಂದೊಂದು ದಿನ ಆದೀತು' ಎಂದು ನಂಬುವ ವಿದ್ಯಾರ್ಥಿಗೂ ಹೆಚ್ಚು ಭೇದವಿಲ್ಲ.

ಈ ವಿಧಾನದಲ್ಲಿ ಒಂದು ಅಪಾಯವೂ ಉಂಟು, ಅದನ್ನು ಮುಚ್ಚಿಡಬಾರದು. ಚೆನ್ನಾಗಿ ಹೇಳಿದ ಸುಳ್ಳು ಒಣಗಿದ ನಿಜಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿರುತ್ತದೆ. ವರ್ನನ ಪ್ರಯಾಣಿಕರು ದಾರಿಯುದ್ದಕ್ಕೂ ನೆಲದ ಮೇಲೆ ಕಾಲೂರಿ ನಿಂತ ಚಿತ್ರ ಮನಸ್ಸಿನಲ್ಲಿ ಉಳಿದು, ಅದರ ತಿದ್ದುಪಡಿ ಮರೆತುಹೋದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಆದುದರಿಂದ ಲೆಕ್ಕ ಮುಗಿಯದೆ ಕಥೆಯನ್ನು ಅರ್ಧಕ್ಕೆ ಬಿಡಬಾರದು. ಸಮಯವಿಲ್ಲದಿದ್ದರೆ ಕಥೆಯನ್ನು ಆರಂಭಿಸದಿರುವುದೇ ಮೇಲು. ಯಾವ ಕಥೆಯೂ ಪಾಠಕ್ಕೆ ಬದಲಾಗಿ ನಿಲ್ಲಲಾರದು; ನಿಯಮವನ್ನು ಮೊದಲು ಕಲಿತಿದ್ದರಲ್ಲವೇ ಕಥೆಯನ್ನು ತೂಗಿ ನೋಡುವುದು?

ಇನ್ನು ನಮ್ಮ ವಿದ್ಯಾರ್ಥಿ ವಾಚಕರಿಗೆ ಒಂದು ಮಾತು. ಉಪಾಧ್ಯಾಯರು ಆರಂಭಿಸಲೆಂದು ಕಾಯಬೇಕಾಗಿಲ್ಲ. ಮುಂದೆ ಓದುವ ವಿಜ್ಞಾನಕಥೆಯನ್ನು ಪೆನ್ಸಿಲು ಹಿಡಿದು ಓದಿ. ಸಂದೇಹ ಬಂದಲ್ಲಿ ಅಂಚಿನಲ್ಲಿ ಗುರುತು ಮಾಡಿ. ಬಳಿಕ ನೀವೇ ಒಂದು ಕಥೆ ಬರೆಯಲು ತೊಡಗಿ. ಬೀಜ ಬೇಕಾದರೆ ಇದೋ: ಭೂಮಿ ಒಂದು ಬೆಳಗ್ಗೆ ಎರಡರಷ್ಟು ವೇಗದಿಂದ ತಿರುಗತೊಡಗಿ, ದಿನವು 12 ಗಂಟೆಗೆ ಇಳಿಯಿತೆಂದು ಸಾಲ ಕೊಟ್ಟಿದ್ದೇವೆ. ಹಾಸನದ ಆಂಟೆನಾಗಳಿಗೆ ಆಗ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹ ಎಷ್ಟು ಎತ್ತರದಲ್ಲಿರಬೇಕು? ಮೊದಲಿನ ಕಕ್ಷೆಯಲ್ಲಿದ್ದ ಉಪಗ್ರಹಗಳು ಹೊಳೆನರಸೀಪುರದವನಿಗೆ ಯಾವ ದಿಕ್ಕಿನಲ್ಲಿ ಮೂಡಿ ಯಾವ ದಿಕ್ಕಿನಲ್ಲಿ ಮುಳುಗುವುವು? ಇದಕ್ಕೆ ಬೇಕಾದ ನಿಯಮ ಈ ಲೇಖನದಲ್ಲೇ ಇದೆ. ಉತ್ತರವನ್ನು ವಾಚಕರು ಕಂಡುಕೊಳ್ಳಲಿ.